ಆಮೆಗೆ ಎಷ್ಟು ನೀರು ಬೇಕು?

1780ರ ಜುಲೈ ತಿಂಗಳು. ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ, ಅರವತ್ತರ ಅಂಚಿನಲ್ಲಿದ್ದ ಒಬ್ಬ ಪಾದ್ರಿ ತನ್ನ ಮನೆಗೆ ಹೊಸದಾಗಿ ಬಂದಿದ್ದ ಆಮೆಯನ್ನು ನೀರು ತುಂಬಿದ ತೊಟ್ಟಿಯೊಳಗೆ ಬಿಟ್ಟು ನೋಡಿದ. ಆಮೆ ಈಜಲಿಲ್ಲ. ಮೆಲ್ಲಗೆ ಮುಳುಗಿತು. ತಳ ಮುಟ್ಟಿದ ಮೇಲೆ ಅಲ್ಲಿಯೇ ಕಾಲು ಹಾಕುತ್ತಾ ನಡೆಯಿತು. ಅದು ಕಂಗಾಲಾದದ್ದು ಅವನಿಗೆ ಸ್ಪಷ್ಟವಾಗಿ ಕಾಣಿಸಿತು. ಇದು ನೀರಿನಲ್ಲೂ ನೆಲದಲ್ಲೂ ಬಾಳುವ ಜಾತಿಯದಲ್ಲ ಎಂದು ತನ್ನ ದಿನಚರಿಯಲ್ಲಿ ಎರಡು ಸಾಲು ಬರೆದುಕೊಂಡ.

ಆ ಪಾದ್ರಿಯ ಹೆಸರು ಗಿಲ್ಬರ್ಟ್ ವೈಟ್, ಆಮೆಯ ಹೆಸರು ಟಿಮೋತಿ. ವೈಟ್ 1789ರಲ್ಲಿ ಪ್ರಕಟಿಸಿದ ಸೆಲ್ಬೋರ್ನ್ ಹಳ್ಳಿಯ ನಿಸರ್ಗ ಚರಿತ್ರೆ ಇವತ್ತಿಗೂ ಅಚ್ಚಾಗುತ್ತಿರುವ ಪುಸ್ತಕ. ಆ ಪುಸ್ತಕದ ಮೂಲಕ ಟಿಮೋತಿ ಜಗತ್ತಿನ ಅತಿ ಪ್ರಸಿದ್ಧ ಸಾಕು ಆಮೆಗಳಲ್ಲಿ ಒಂದಾಯಿತು. ಮನುಷ್ಯರು ಸಾಕಿದ ಆಮೆಗೆ ನೀರು ಕೊಟ್ಟ, ಕೊಡದಿದ್ದ ಕಥೆಯನ್ನು ಹೇಳಬೇಕಾದರೆ ನಾನು ಈ ತೊಟ್ಟಿಯಿಂದಲೇ ಶುರು ಮಾಡುತ್ತೇನೆ. ಏಕೆಂದರೆ ಆ ದಿನ ವೈಟ್ ಕೇಳಿದ ಪ್ರಶ್ನೆ ‘ಇದು ಈಜುತ್ತದೆಯೇ’ ಎಂಬುದು. ‘ಇದಕ್ಕೆ ಬಾಯಾರುತ್ತದೆಯೇ’ ಎಂಬ ಪ್ರಶ್ನೆಯನ್ನು ಜನ ಗಟ್ಟಿಯಾಗಿ ಕೇಳಲು ಇನ್ನೂ ಸುಮಾರು ಇನ್ನೂರು ವರ್ಷ ಹಿಡಿಯಿತು.

ಟಿಮೋತಿ ಮೂಲತಃ ವೈಟ್‌ನ ಸೋದರತ್ತೆ ರೆಬೆಕಾ ಸ್ನೂಕ್ ಅವರದು. ಸಸೆಕ್ಸ್ ಸೀಮೆಯ ರಿಂಗ್ಮರ್ ಎಂಬ ಊರಿನಲ್ಲಿ, ಗೋಡೆ ಕಟ್ಟಿದ ಪುಟ್ಟ ಅಂಗಳದಲ್ಲಿ ಅದು ಸುಮಾರು ನಲವತ್ತು ವರ್ಷ ಕಳೆದಿತ್ತು. 1780ರ ಆರಂಭದಲ್ಲಿ ಅತ್ತೆ ತೀರಿಕೊಂಡರು. ಮಾರ್ಚ್ ತಿಂಗಳಲ್ಲಿ ವೈಟ್ ಮಣ್ಣಿನೊಳಗೆ ಚಳಿಗಾಲದ ನಿದ್ದೆಯಲ್ಲಿದ್ದ ಆಮೆಯನ್ನು ಅಗೆದು ತೆಗೆದು, ಮಣ್ಣಿನ ಸಮೇತ ಪೆಟ್ಟಿಗೆಗೆ ಹಾಕಿ, ಕುದುರೆಗಾಡಿಯಲ್ಲಿ ಎಂಬತ್ತು ಮೈಲಿ ದೂರದ ಸೆಲ್ಬೋರ್ನ್‌ಗೆ ತಂದ. ದಾರಿಯ ಕುಲುಕಾಟಕ್ಕೆ ಎಚ್ಚರವಾದ ಆಮೆ ಹೊಸ ತೋಟದಲ್ಲಿ ಎರಡು ಬಾರಿ ಕೊನೆಯವರೆಗೂ ನಡೆದು, ಸಂಜೆ ಚಳಿಯಾಗುತ್ತಲೇ ಸಡಿಲ ಮಣ್ಣು ತೋಡಿಕೊಂಡು ಮತ್ತೆ ಮಲಗಿತು.

ವೈಟ್ ಅದನ್ನು ನೋಡಿದ ರೀತಿ ನನಗೆ ಯಾವತ್ತೂ ಸೋಜಿಗ. ವಸಂತದಲ್ಲಿ ಒಮ್ಮೆ, ಚಳಿ ಶುರುವಾಗುವ ಮುನ್ನ ಒಮ್ಮೆ ತೂಕ ಮಾಡಿಸುತ್ತಿದ್ದ. ತೂಕ ಮೂರು ಕಿಲೋ ಆಸುಪಾಸು. ಕಿವಿ ಕೇಳಿಸುತ್ತದೆಯೇ ಎಂದು ಕಹಳೆಯಂಥ ಕೊಳವೆಯಲ್ಲಿ ಕೂಗಿ ನೋಡಿದ, ಆಮೆ ಲಕ್ಷ್ಯ ಕೊಡಲಿಲ್ಲ. ಏನು ತಿನ್ನುತ್ತದೆ ಎಂದು ಬರೆದಿಟ್ಟ: ಮುರಿದರೆ ಹಾಲು ಒಸರುವ ಎಳೆಯ ಸೊಪ್ಪುಗಳೆಂದರೆ ಅದಕ್ಕೆ ಬಲು ಇಷ್ಟ, ಲೆಟ್ಯೂಸ್, ಡ್ಯಾಂಡೆಲಿಯನ್ ಇತ್ಯಾದಿ. ಮಳೆಯ ಬಗ್ಗೆ ಬರೆದದ್ದಂತೂ ಎಲ್ಲಕ್ಕಿಂತ ಹೆಸರಾಯಿತು. ಟಿಮೋತಿಗೆ ಮಳೆಯೆಂದರೆ ವಿಪರೀತ ಅಂಜಿಕೆ. ತುಂಬಿದ ಗಾಡಿಯ ಚಕ್ರ ಹರಿದರೂ ತಡೆಯಬಲ್ಲ ಚಿಪ್ಪಿರುವ ಜೀವ, ಮೊದಲ ಹನಿ ಬೀಳುತ್ತಲೇ ಹಬ್ಬದ ಸೀರೆ ಉಟ್ಟ ಹೆಂಗಸಿನ ಹಾಗೆ ಸರಸರನೆ ಮೂಲೆ ಸೇರುತ್ತದೆ ಎಂಬ ಅರ್ಥದ ಮಾತನ್ನು ವೈಟ್ 1772ರ ಒಂದು ಪತ್ರದಲ್ಲೇ ಬರೆದಿದ್ದ. ಬೆಳಿಗ್ಗೆ ಅದು ಮೈ ಎತ್ತಿಕೊಂಡು ಲವಲವಿಕೆಯಿಂದ ಮೇಯುತ್ತಿದ್ದರೆ ಅಂದು ರಾತ್ರಿಯೊಳಗೆ ಮಳೆ ಗ್ಯಾರಂಟಿ ಎಂಬುದೂ ಅವನ ಅನುಭವವಾಗಿತ್ತು.

ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನೀರು ಎಲ್ಲಿ ಅಡಗಿದೆ ಎಂಬುದು ನಮಗೆ ಕಾಣುತ್ತದೆ. ರಸ ತುಂಬಿದ ಸೊಪ್ಪಿನಲ್ಲಿ ನೀರಿದೆ. ಇಂಗ್ಲೆಂಡಿನ ತಂಪು ನೆಲದ ಇಬ್ಬನಿಯಲ್ಲಿ ನೀರಿದೆ. ಮಳೆಗೆ ಹೆದರಿದ್ದು ನೀರಿನ ದ್ವೇಷದಿಂದಲ್ಲ, ಚಳಿಯಿಂದ ಇರಬೇಕು ಎಂದು ನನಗೆ ತೋರುತ್ತದೆ. ಟಿಮೋತಿ ಮೆಡಿಟರೇನಿಯನ್ ಸುತ್ತಲಿನ ಬಿಸಿಲು ನಾಡಿನ ಜಾತಿಯದು. ಮೈಯೊಳಗೆ ತನ್ನದೇ ಶಾಖ ಹುಟ್ಟಿಸಿಕೊಳ್ಳಲಾರದ ಪ್ರಾಣಿ ತಣ್ಣನೆಯ ಮಳೆಯಲ್ಲಿ ನೆನೆದರೆ ಕೈಕಾಲು ಆಡದೆ ಕೂರಬೇಕಾಗುತ್ತದೆ. ಆದರೆ ತೊಟ್ಟಿಯಲ್ಲಿ ಮುಳುಗುವ, ಮಳೆ ಕಂಡರೆ ಓಡುವ ಪ್ರಾಣಿಯನ್ನು ನೋಡಿದ ಯಾರಿಗಾದರೂ ‘ಇದಕ್ಕೂ ನೀರಿಗೂ ಆಗಿಬರುವುದಿಲ್ಲ’ ಎನ್ನಿಸುವುದು ಸಹಜ. ವೈಟ್ ಹಾಗೆ ಹೇಳಲಿಲ್ಲ. ‘ನೀರಿನಲ್ಲಿ ಬಾಳುವ ಜಾತಿಯಲ್ಲ’ ಎಂದಷ್ಟೇ ಹೇಳಿದ. ಅದರಿಂದ ‘ನೀರು ಬೇಕಿಲ್ಲ’ ಎಂಬಲ್ಲಿಗೆ ಜಿಗಿದವರು ಬೇರೆಯವರು.

ವೈಟ್ 1793ರಲ್ಲಿ ತೀರಿಕೊಂಡ. ಟಿಮೋತಿ ಮರುವರ್ಷ ಸತ್ತಿತು. ಅದರ ಚಿಪ್ಪು ಈಗ ಲಂಡನ್ನಿನ ನಿಸರ್ಗ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಶತಮಾನದಲ್ಲಿ ಆ ಚಿಪ್ಪನ್ನು ಪರೀಕ್ಷಿಸಿದವರಿಗೆ ಟಿಮೋತಿ ಹೆಣ್ಣೆಂದು ತಿಳಿಯಿತು. ಅಷ್ಟು ವರ್ಷ ಅಷ್ಟು ಹತ್ತಿರದಿಂದ ನೋಡಿದವನಿಗೂ ಗಂಡೋ ಹೆಣ್ಣೋ ಗೊತ್ತಾಗದಷ್ಟು ಮೌನದ ಪ್ರಾಣಿ ಅದು. ಅದರ ಬಾಯಾರಿಕೆ ನಮಗೆ ಕೇಳಿಸದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಟಿಮೋತಿ ಸೆಲ್ಬೋರ್ನ್‌ನ ತೋಟದಲ್ಲಿ ಸೊಪ್ಪು ಮೇಯುತ್ತಿದ್ದ ಕಾಲದಲ್ಲೇ, ಭೂಮಿಯ ಇನ್ನೊಂದು ಬದಿಯ ಪೆಸಿಫಿಕ್ ಸಾಗರದಲ್ಲಿ, ಆಮೆಯ ಇದೇ ಗುಣ ಅದರ ಕೊರಳಿಗೆ ಉರುಳಾಗತೊಡಗಿತ್ತು. ತಿಮಿಂಗಿಲ ಬೇಟೆಯ ಹಡಗುಗಳು ಗ್ಯಾಲಪಗೋಸ್ ದ್ವೀಪಗಳಿಗೆ ಬಂದು ದೈತ್ಯ ಆಮೆಗಳನ್ನು ನೂರಾರು ಸಂಖ್ಯೆಯಲ್ಲಿ ಹೊತ್ತೊಯ್ಯುತ್ತಿದ್ದವು. ಕಾರಣ ಸರಳ. ಶೈತ್ಯಾಗಾರವಿಲ್ಲದ ಕಾಲದಲ್ಲಿ ತಿಂಗಳುಗಟ್ಟಲೆ ತಾಜಾ ಮಾಂಸ ಬೇಕು. ಕುರಿ ಕೋಳಿಗಳಾದರೆ ಮೇವು ನೀರು ಕೇಳುತ್ತವೆ. ಆಮೆ ಕೇಳುವುದಿಲ್ಲ. ಹಡಗಿನ ಹೊಟ್ಟೆಯೊಳಗೆ ಒಂದರ ಮೇಲೊಂದು ಪೇರಿಸಿದರೆ ಮೇವಿಲ್ಲದೆ, ಹನಿ ನೀರಿಲ್ಲದೆ ಹಲವಾರು ತಿಂಗಳು, ಕೆಲವೊಮ್ಮೆ ವರ್ಷವೇ ಬದುಕಿರುತ್ತವೆ. 1813ರಲ್ಲಿ ಅಮೆರಿಕದ ನೌಕಾಪಡೆಯ ಕ್ಯಾಪ್ಟನ್ ಡೇವಿಡ್ ಪೋರ್ಟರ್ ಇಲ್ಲಿ ಆಮೆಗಳನ್ನು ತುಂಬಿಸಿಕೊಂಡ. ಇವು ಕತ್ತಿನ ಬುಡದ ಚೀಲದಲ್ಲಿ ಎರಡು ಗ್ಯಾಲನ್‌ನಷ್ಟು ನೀರನ್ನು ಸದಾ ಹೊತ್ತಿರುತ್ತವೆ ಎಂದು ಅವನು ಬರೆದ. ನಾವಿಕರಿಗೆ ಅದೂ ಒಂದು ಅನುಕೂಲವೇ: ಆಮೆಯೆಂದರೆ ಮಾಂಸ, ಎಣ್ಣೆ, ಮೇಲೆ ಒಂದು ಕೊಡ ನೀರು.

1835ರಲ್ಲಿ ಅಲ್ಲಿಗೆ ಹೋದ ಚಾರ್ಲ್ಸ್ ಡಾರ್ವಿನ್ ಕಂಡದ್ದು ಬೇರೆ. ಕರಾವಳಿಯಿಂದ ಬೆಟ್ಟದ ಮೇಲಿನ ಒರತೆಗಳ ಕಡೆಗೆ ಸವೆದ ಅಗಲ ದಾರಿಗಳು. ಆ ದಾರಿಗಳನ್ನು ಮಾಡಿದ್ದು ಆಮೆಗಳು. ಒಂದು ಸಾಲು ಕತ್ತು ಚಾಚಿಕೊಂಡು ಆತುರದಿಂದ ಹತ್ತುತ್ತಿದ್ದರೆ, ಇನ್ನೊಂದು ಸಾಲು ಹೊಟ್ಟೆ ತುಂಬ ಕುಡಿದು ಇಳಿಯುತ್ತಿತ್ತು. ಒರತೆ ಸಿಕ್ಕಿದ ಆಮೆ ಸುತ್ತ ಯಾರು ನಿಂತಿದ್ದಾರೆ ಎಂದೂ ನೋಡದೆ ಕಣ್ಣು ಮುಳುಗುವವರೆಗೆ ತಲೆ ನೀರಿಗೆ ತೂರಿಸಿ, ನಿಮಿಷಕ್ಕೆ ಹತ್ತು ಗುಟುಕಿನಂತೆ ಕುಡಿಯುತ್ತಿತ್ತು. ಮೂರು ನಾಲ್ಕು ದಿನ ಅಲ್ಲೇ ಸುಳಿದಾಡಿ ಮತ್ತೆ ತಗ್ಗಿಗೆ ಹೋಗುತ್ತವೆ ಎಂದು ಅಲ್ಲಿನ ನಿವಾಸಿಗಳು ಹೇಳಿದರು. ಬಾಯಾರಿದ ಆ ನಿವಾಸಿಗಳು ಆಮೆಯನ್ನು ಕೊಂದು ಅದರ ಮೂತ್ರಕೋಶದ ನೀರು ಕುಡಿಯುತ್ತಿದ್ದುದೂ ಉಂಟು. ಡಾರ್ವಿನ್ ತಾನೇ ರುಚಿ ನೋಡಿದ: ತಿಳಿಯಾಗಿದೆ, ತುಸು ಕಹಿ.

ಪೋರ್ಟರ್ ಕಂಡ ಆಮೆ ನೀರು ಕೇಳದ ಪ್ರಾಣಿ. ಡಾರ್ವಿನ್ ಕಂಡ ಆಮೆ ನೀರಿಗಾಗಿ ಬೆಟ್ಟ ಹತ್ತುವ ಪ್ರಾಣಿ. ಎರಡೂ ಒಂದೇ. ನೀರಿಲ್ಲದೆ ಇರಬಲ್ಲದು ಎಂಬುದು ಅದರ ತಾಳಿಕೆ. ನೀರು ಬೇಕು ಎಂಬುದು ಅದರ ಅಗತ್ಯ. ಮನುಷ್ಯನಿಗೆ ಮೊದಲನೆಯದು ಲಾಭದ್ದಾಗಿತ್ತು, ಆದ್ದರಿಂದ ಅದನ್ನೇ ನೆನಪಿಟ್ಟುಕೊಂಡ.

ಸಾಕು ಆಮೆಯ ವ್ಯಾಪಾರದಲ್ಲೂ ಇದೇ ಆಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಲಂಡನ್ನಿನ ಬೀದಿಗಳಲ್ಲಿ ಆಮೆ ಮಾರುವವರಿದ್ದರು. ಅಲ್ಲಿನ ಬೀದಿ ವ್ಯಾಪಾರಿಗಳ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ ಅವರನ್ನೂ ಬಿಟ್ಟಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮೊರಾಕ್ಕೊ, ಟರ್ಕಿ, ಗ್ರೀಸ್, ಯುಗೊಸ್ಲಾವಿಯಗಳ ಗುಡ್ಡಗಳಿಂದ ಹಿಡಿದ ಆಮೆಗಳು ಬ್ರಿಟನ್ನಿಗೆ ಲಕ್ಷಗಟ್ಟಲೆ ಬಂದವು. ಪೆಟ್ಟಿಗೆಗಳಲ್ಲಿ ಒತ್ತರಿಸಿ ತಂದು ಅಂಗಡಿಗಳಲ್ಲಿ ಅಗ್ಗಕ್ಕೆ ಮಾರಿದರು. ನಾಯಿ ಬೆಕ್ಕಿನಷ್ಟು ಕೆಲಸವಿಲ್ಲ, ಒಂದೆರಡು ಎಲೆ ಹಾಕಿದರೆ ಸಾಕು, ನೀರಿನ ಗೊಡವೆಯಿಲ್ಲ ಎಂಬ ಭರವಸೆಯ ಮೇಲೆ ಮಕ್ಕಳಿಗೆ ಕೊಡಿಸಿದರು. ಪ್ರಯಾಣದಲ್ಲೇ ಒಣಗಿ ಬಂದಿದ್ದ ಅವುಗಳಲ್ಲಿ ಬಹುಪಾಲು ಮೊದಲ ಚಳಿಗಾಲ ದಾಟಲಿಲ್ಲ. ಚಳಿಗಾಲದ ನಿದ್ದೆಗೆ ಜಾರುವ ಆಮೆಯ ಮೈಯಲ್ಲಿ ನೀರಿನ ದಾಸ್ತಾನು ಇರಬೇಕು. ಇಲ್ಲದಿದ್ದರೆ ಅದು ಏಳುವುದಿಲ್ಲ. ತೋಟದ ಮೂಲೆಯ ಪೆಟ್ಟಿಗೆಯಲ್ಲಿ ಆಮೆ ಸತ್ತಿದೆಯೋ ಮಲಗಿದೆಯೋ ಎಂಬುದು ವಸಂತ ಬರುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೇಸಿಗೆಗೆ ಇನ್ನೊಂದು ಕೊಳ್ಳುತ್ತಿದ್ದರು. 1984ರಲ್ಲಿ ಯುರೋಪಿನ ಸಮುದಾಯ ಈ ಕಾಡು ಆಮೆಗಳ ವಾಣಿಜ್ಯ ಆಮದನ್ನು ನಿಲ್ಲಿಸಿತು.

ಕುತೂಹಲದ ಸಂಗತಿಯೆಂದರೆ, ಒಳಗೆ ನೀರು ಕೊಡದ ಜನ ಹೊರಗೆ ಎಣ್ಣೆ ಹಚ್ಚುತ್ತಿದ್ದರು. ಚಿಪ್ಪು ಮಿರುಗಲಿ, ಒಣಗದಿರಲಿ ಎಂದು ಆಲಿವ್ ಎಣ್ಣೆ ಸವರುವುದು ಬ್ರಿಟನ್ನಿನ ಮನೆಗಳಲ್ಲಿ ಬಹುಕಾಲ ನಡೆದ ಪದ್ಧತಿ. ಅದರಿಂದ ಉಪಯೋಗವಿಲ್ಲ, ಧೂಳು ಕೊಳೆ ಅಂಟಿ ಹಾನಿಯೇ ಹೆಚ್ಚು ಎಂದು ಪಶುವೈದ್ಯರು ಹೇಳುತ್ತಾ ಬಂದಿದ್ದಾರೆ.

ನಮ್ಮ ಅಕ್ಕನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಮಗ ಕಾಗದಪತ್ರವಿರುವ, ಅಲ್ಲಿಯೇ ಹುಟ್ಟಿದ ಒಂದು ಪುಟ್ಟ ಆಮೆಯನ್ನು ಸಾಕಿದ್ದಾನೆ. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅವನು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಆಮೆಯನ್ನು ಅದರಲ್ಲಿ ನಿಲ್ಲಿಸಿದ್ದನ್ನು ನಾನೂ ಅಮ್ಮನೂ ನೋಡಿದೆವು. ಅಮ್ಮ ಕೇಳಿದ್ದು, “ಎಣ್ಣೆ ಹಚ್ಚಲಿಲ್ವೇನೋ ಪುಟ್ಟಾ? ಬರೀ ನೀರು ಹಾಕಿದ್ರೆ ಅಭ್ಯಂಜನ ಆಗುತ್ತಾ?” ಹುಡುಗ ಗಂಭೀರವಾಗಿ, “ಇದು ಮೈ ತೊಳೆಯೋ ಸ್ನಾನ ಅಲ್ಲ ಮುತ್ತಜ್ಜಿ, ನೀರು ಕುಡಿಸೋ ಸ್ನಾನ” ಅಂದ. ಅಷ್ಟರಲ್ಲಿ ಆಮೆ ತಲೆ ತಗ್ಗಿಸಿತು. ಗಂಟಲು ಮೆಲ್ಲಗೆ ಏರಿಳಿಯತೊಡಗಿತು. ಕರು ಹಾಕಿದ ಹಸುವಿಗೆ ಬಾನಿಯಲ್ಲಿ ಕಲಗಚ್ಚು ಇಟ್ಟು ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಮ್ಮನಿಗೆ ಅದು ತಕ್ಷಣ ಅರ್ಥವಾಯಿತು. “ಕುಡೀತಿದೆ, ಕುಡೀತಿದೆ, ಮಾತಾಡ್ಬೇಡಿ,” ಎಂದರು.

ಹುಡುಗ ಹೇಳಿದ ಆ ವ್ಯತ್ಯಾಸದ ಹಿಂದೆ ಆಮೆಯ ಮೈಯ ಲೆಕ್ಕಾಚಾರವಿದೆ. ನಾವು ಮೈಯ ಕಲ್ಮಶವನ್ನು ನೀರಿನಲ್ಲಿ ಕರಗಿಸಿ ಮೂತ್ರವಾಗಿ ಹೊರಹಾಕುತ್ತೇವೆ. ಅದಕ್ಕೆ ನೀರು ಬಹಳ ಬೇಕು. ಒಣನಾಡಿನ ಆಮೆ ಆ ಕಲ್ಮಶದ ಹೆಚ್ಚಿನ ಪಾಲನ್ನು ಯೂರಿಕ್ ಆಮ್ಲವಾಗಿ, ಬಿಳಿಯ ಸರಿಯಂಥ ಪದಾರ್ಥವಾಗಿ ಮಾಡಿಕೊಂಡು ನೀರನ್ನು ಉಳಿಸುತ್ತದೆ. ಮೂತ್ರಕೋಶವೇ ಅದರ ನೀರಿನ ತೊಟ್ಟಿ. ಅಮೆರಿಕದ ಮೊಹಾವಿ ಮರುಭೂಮಿಯ ಆಮೆ ತನ್ನ ತೂಕದ ಸುಮಾರು ಶೇಕಡಾ 40ರಷ್ಟನ್ನು ಅಲ್ಲಿ ಹಿಡಿದಿಡಬಲ್ಲದು. ಮಳೆ ಬರುವ ಮುನ್ನ ನೆಲದಲ್ಲಿ ಆಳವಿಲ್ಲದ ಗುಂಡಿ ಕೆರೆದು, ಅದರಲ್ಲಿ ನಿಂತ ನೀರನ್ನು ಕುಡಿಯುವುದನ್ನು ವಿಜ್ಞಾನಿಗಳು 1980ರಲ್ಲಿ ವರದಿ ಮಾಡಿದರು. ದಾರಿಯಲ್ಲಿ ಸಿಕ್ಕ ಇಂಥ ಆಮೆಯನ್ನು ಪ್ರೀತಿಯಿಂದ ಎತ್ತಿಕೊಂಡರೆ ಅದು ಗಾಬರಿಯಲ್ಲಿ ಇಡೀ ತೊಟ್ಟಿಯನ್ನು ಖಾಲಿ ಮಾಡಿಬಿಡಬಹುದು. ಮುಂದಿನ ಮಳೆಯವರೆಗೆ ಕೂಡಿಟ್ಟದ್ದು ನಿಮಿಷದಲ್ಲಿ ಹೋಗುತ್ತದೆ.

ಮನೆಯಲ್ಲಿ ಸಾಕಿದ ಆಮೆಗೆ ನೀರು ಸಾಲದಿದ್ದರೆ ಮೃದುವಾಗಿರಬೇಕಾದ ಆ ಬಿಳಿ ಸರಿ ಮರಳಿನಂತಾಗುತ್ತದೆ, ಆಮೇಲೆ ಕಲ್ಲಾಗುತ್ತದೆ. ಮೂತ್ರಪಿಂಡ ಕೆಡುತ್ತದೆ. ಇಷ್ಟಾದರೂ ಆಮೆ ಅಂಬಾ ಎನ್ನುವುದಿಲ್ಲ, ಬೊಗಳುವುದಿಲ್ಲ. ಮೊದಲಿನಂತೆಯೇ ನಿಧಾನವಾಗಿರುತ್ತದೆ, ಇನ್ನೂ ಸ್ವಲ್ಪ ನಿಧಾನವಾಗಿ. ಚಿಪ್ಪಿನ ವಿಷಯದಲ್ಲೂ ಹೀಗೆಯೇ. ಸಾಕಿದ ಮರಿಗಳ ಚಿಪ್ಪು ಗೋಪುರ ಗೋಪುರವಾಗಿ ಉಬ್ಬಿ ಬೆಳೆಯುವುದಕ್ಕೆ ಪ್ರೋಟೀನ್ ಹೆಚ್ಚಾದದ್ದೇ ಕಾರಣವೆಂದು ಬಹಳ ಜನ ನಂಬಿದ್ದರು. 2003ರಲ್ಲಿ ವೀಸ್ನರ್ ಮತ್ತು ಈಬೆನ್ ಎಂಬ ಇಬ್ಬರು ಆಫ್ರಿಕದ ಆಮೆಮರಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಪ್ರೋಟೀನಿಗಿಂತ ಸುತ್ತಲಿನ ಗಾಳಿಯ ಒಣತನವೇ ದೊಡ್ಡ ಕಾರಣವೆಂದು ಕಂಡಿತು. ಮರಿಯ ಚಿಪ್ಪೇ ಅದರ ಬಾಯಾರಿಕೆಯ ದಾಖಲೆ.

ಹೀಗಾಗಿ ಈಗ ಆಮೆ ಸಾಕುವವರಿಗೆ ಪಶುವೈದ್ಯರು ಹೇಳುವ ಕ್ರಮ ಹೆಚ್ಚುಕಡಿಮೆ ಒಂದೇ. ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರು. ಆಳ, ಚಿಪ್ಪಿನ ಮೇಲುಭಾಗವೂ ಕೆಳಭಾಗವೂ ಕೂಡುವಲ್ಲಿಯವರೆಗೆ ಮಾತ್ರ, ತಲೆ ಸದಾ ನೀರಿನ ಮೇಲಿರುವಂತೆ. ಹದಿನೈದು ಇಪ್ಪತ್ತು ನಿಮಿಷ. ಮರಿಗಳಿಗೆ ಆಗಾಗ, ದೊಡ್ಡವಕ್ಕೆ ವಾರಕ್ಕೊಮ್ಮೆ ಆದರೂ ಸರಿ. ಚಳಿನಿದ್ದೆಯ ಮುಂಚೆ ಮತ್ತು ಎದ್ದ ಕೂಡಲೇ ತಪ್ಪದೆ. ನೀರಿನಲ್ಲಿ ನಿಂತ ಆಮೆ ಕುಡಿಯುತ್ತದೆ, ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ, ಮೂತ್ರಕೋಶದ ಹಳೆಯ ಸರಕನ್ನು ಹೊರಹಾಕಿ ಹೊಸದನ್ನು ತುಂಬಿಕೊಳ್ಳುತ್ತದೆ. ಆಮೇಲೆ ಒರೆಸಿ ಬೆಚ್ಚಗಿನ ಜಾಗದಲ್ಲಿ ಬಿಡಬೇಕು. ಸೋಪು ಬೇಡ, ಎಣ್ಣೆ ಬೇಡ.

ಸೋಪು ಹಾಕಿದ ಸ್ನಾನವೂ ಇತಿಹಾಸದಲ್ಲಿ ಒಂದಿದೆ. ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದ ರಾಜ್ಯಪಾಲರ ಬಂಗಲೆಯ ಅಂಗಳಕ್ಕೆ 1882ರಲ್ಲಿ ಸೇಶೆಲ್ಸ್‌ನಿಂದ ಬಂದ ಜೊನಾಥನ್ ಎಂಬ ದೈತ್ಯ ಆಮೆ, ಬಂದಾಗಲೇ ಪೂರ್ತಿ ಬೆಳೆದಿತ್ತು. ಅದು ಹುಟ್ಟಿದ್ದು 1832ರ ಸುಮಾರಿಗೆ ಎಂಬ ಲೆಕ್ಕ ಅದರಿಂದ ಬಂದದ್ದು. 2016ರಲ್ಲಿ ದ್ವೀಪಕ್ಕೆ ರಾಜಮನೆತನದವರು ಬರುವ ನಿರೀಕ್ಷೆ ಇದ್ದಾಗ ಪಶುವೈದ್ಯ ಜೋ ಹಾಲಿನ್ಸ್ ಮೃದುವಾದ ಬ್ರಷ್ಷು, ಆಸ್ಪತ್ರೆಯ ಸೋಪು ಹಿಡಿದು ಅದರ ಚಿಪ್ಪಿನ ಮೇಲಿನ ಹಕ್ಕಿ ಹಿಕ್ಕೆ, ಕರಿಮಸಿಯನ್ನೆಲ್ಲ ತೊಳೆದರು. 184 ವರ್ಷಗಳಲ್ಲಿ ಮೊದಲ ಸ್ನಾನ ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಸಂತೋಷದ ಸುದ್ದಿಯೇ. ಆದರೆ ಅದೇ ವೈದ್ಯರು ಮಾಡಿದ ಇನ್ನೊಂದು ಕೆಲಸ ಅಷ್ಟು ಸುದ್ದಿಯಾಗಲಿಲ್ಲ: ಕಣ್ಣು ಮಂಜಾಗಿ, ವಾಸನೆ ತಿಳಿಯದೆ ಸೊರಗುತ್ತಿದ್ದ ಜೊನಾಥನ್‌ಗೆ ವಾರಕ್ಕೊಮ್ಮೆ ಕೈತುತ್ತು ಕೊಟ್ಟು ಚೇತರಿಸಿದ್ದು. ತೊಳೆದದ್ದು ನೋಡುವವರಿಗಾಗಿ, ಉಣಿಸಿದ್ದು ಆಮೆಗಾಗಿ.

ಕನ್ನಡದವರಾದ ನಮ್ಮ ತಾಪತ್ರಯ ಇಂಗ್ಲಿಷರದಕ್ಕೆ ತದ್ವಿರುದ್ಧ. ಅವರು ನೆಲದ ಆಮೆಗೆ ಒಂದು ಪದ, ನೀರಿನ ಆಮೆಗೆ ಇನ್ನೊಂದು ಪದ ಇಟ್ಟುಕೊಂಡಿದ್ದಾರೆ. ನಮಗೆ ಕೆರೆಯದೂ ಆಮೆ, ಕಡಲಿನದೂ ಆಮೆ, ಕುರುಚಲು ಕಾಡಿನದೂ ಆಮೆ. ಕಥೆಯಲ್ಲಿ ಅದು ಕೊಳದಲ್ಲಿರುತ್ತದೆ; ಪುರಾಣದಲ್ಲಿ ಹಾಲ್ಗಡಲ ತಳದಲ್ಲಿ ಮಂದರ ಪರ್ವತ ಹೊತ್ತಿರುತ್ತದೆ. ಮನೆಗಳಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ವಾಸ್ತುವಿಗೆಂದು ಇಟ್ಟ ಗಾಜಿನ ಆಮೆಗೂ ತಟ್ಟೆಯಲ್ಲಿ ನೀರು ಇದ್ದೇ ಇರುತ್ತದೆ, ದಿನಾ ಬೆಳಿಗ್ಗೆ ಬದಲಾಗುತ್ತದೆ. ಇನ್ನೊಂದು ಕಡೆ, ಅಂಗಾಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯನ್ನು ಇಂದ್ರಿಯ ಗೆದ್ದವನಿಗೆ ಹೋಲಿಸಿದ ಗೀತೆಯ ಎರಡನೆಯ ಅಧ್ಯಾಯವನ್ನು ಕೇಳಿ ಬೆಳೆದವರು ನಾವು. ಏನನ್ನೂ ಬಯಸದ ಪ್ರಾಣಿ ಅದು ಎಂಬ ಗೌರವ ನಮ್ಮಲ್ಲಿದೆ. ಗೌರವವೇ ಆದರೂ, ಬಯಕೆಯಿಲ್ಲ ಎಂದುಕೊಂಡ ಮೇಲೆ ಬಾಯಾರಿಕೆಯನ್ನು ಯಾರು ಹುಡುಕುತ್ತಾರೆ?

ನಮ್ಮದೇ ನೆಲದ ಆಮೆಯೊಂದಿದೆ: ನಕ್ಷತ್ರ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿರುವ ಚೆಲುವೆ. ಗುಜರಾತ್, ರಾಜಸ್ಥಾನದ ಕಡೆ, ಶ್ರೀಲಂಕಾದಲ್ಲಿ, ದಕ್ಷಿಣದಲ್ಲಿ ಆಂಧ್ರ, ತಮಿಳುನಾಡು ಮತ್ತು ನಮ್ಮ ಕೋಲಾರದ ಕಡೆಯ ಕುರುಚಲು ಬಯಲುಗಳಲ್ಲಿ ಇರುತ್ತದೆ. ಟಿಮೋತಿ ಮಳೆಗೆ ಹೆದರಿ ಮೂಲೆ ಸೇರಿದರೆ, ಇದು ಮಳೆಗಾಗಿ ಕಾದಿದ್ದು ಹೊರಬರುತ್ತದೆ. ಬೇಸಿಗೆಯಲ್ಲಿ ಪೊದೆಯ ಬುಡದಲ್ಲಿ ಸುಮ್ಮನಿದ್ದು, ಮುಂಗಾರು ಬಿದ್ದ ಮೇಲೆ ಓಡಾಡುತ್ತದೆ, ಮೇಯುತ್ತದೆ, ಜೊತೆ ಹುಡುಕುತ್ತದೆ. ನಮ್ಮ ಮಳೆ ಬೆಚ್ಚಗಿರುತ್ತದಲ್ಲ!

ಆ ಚೆಲುವೇ ಅದಕ್ಕೆ ಮುಳುವಾಯಿತು. ಹಡಗಿನ ಹೊಟ್ಟೆಯ ಜಾಗಕ್ಕೆ ಈಗ ವಿಮಾನದ ಸೂಟ್‌ಕೇಸ್ ಬಂದಿದೆ. ತರ್ಕ ಮಾತ್ರ ಪೋರ್ಟರ್ ಕಾಲದ್ದೇ: ಸದ್ದು ಮಾಡುವುದಿಲ್ಲ, ಮೇವು ನೀರು ಕೇಳುವುದಿಲ್ಲ, ದಿನಗಟ್ಟಲೆ ಸಾಯುವುದಿಲ್ಲ. 2018ರ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ಸಿಕ್ಕಿಬಿದ್ದಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತಂದರು. ಮರುವರ್ಷ ಈ ಆಮೆಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಕಟ್ಟುನಿಟ್ಟಿನ ನಿರ್ಬಂಧ ಬಂತು. ನಮ್ಮಲ್ಲಿ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಆದ್ದರಿಂದ ಅಮ್ಮನ ಮರಿಮಗ ಮಾಡಿದಂತೆ ನಾವು ಇಲ್ಲಿ ನಕ್ಷತ್ರ ಆಮೆಗೆ ಬೋಗುಣಿಯಲ್ಲಿ ನೀರಿಡಬೇಕಾಗಿಲ್ಲ, ಇಡುವ ಹಾಗೂ ಇಲ್ಲ. ಅದರ ನೀರು ಅದರ ಬಯಲಿನಲ್ಲಿದೆ: ಮುಂಗಾರಿನ ಹೊಂಡದಲ್ಲಿ, ಎಳೆ ಹುಲ್ಲಿನಲ್ಲಿ. ಮಳೆಗಾಲದಲ್ಲಿ ರಸ್ತೆ ದಾಟುತ್ತಿದ್ದರೆ ದಾಟಲು ಬಿಡಿ. ತೀರಾ ಅಪಾಯವೆನಿಸಿದರೆ ಅದು ಹೊರಟ ದಿಕ್ಕಿಗೇ, ಮೆಲ್ಲಗೆ, ನೆಲಕ್ಕೆ ಹತ್ತಿರವಾಗಿ ಎತ್ತಿ ಆಚೆ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಆಮೆ ತಾನೇ, ಪಾಪ ನೀರಿಗೆ ಸೇರಲಿ ಎಂದು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಮಾತ್ರ ಬಿಡಬೇಡಿ. ಅದು ಈಜುವುದಿಲ್ಲ. ಸೆಲ್ಬೋರ್ನ್‌ನ ಟಿಮೋತಿಯ ಹಾಗೆ ಮೆಲ್ಲಗೆ ಮುಳುಗುತ್ತದೆ. ಟಿಮೋತಿಯ ತೊಟ್ಟಿಯ ಪಕ್ಕದಲ್ಲಿ ನೋಡುತ್ತಾ ನಿಂತ ಒಬ್ಬನಿದ್ದ, ಎತ್ತಿಕೊಂಡ. ಕಲ್ಯಾಣಿಗೆ ಬಿಟ್ಟವರು ಕೈಮುಗಿದು ಮನೆಗೆ ಹೋಗಿರುತ್ತಾರೆ.